ಇಂಜಿನಿಯರಿಂಗ್ ಬಿಟ್ಟು ಬಿಕಾಂ ಮಾಡಿದರೆ ಕೆಲಸ ಸಿಗುತ್ತಾ?

ತಿಪಟೂರಿಗೆ ಹೋದಾಗೆಲ್ಲ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ಅವರ ಮಗನೋ, ಅಕ್ಕನ ಮಗಳೋ ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟು ಬಿಕಾಂ ಮುಗಿಸಿರುತ್ತಾರೆ. "ನೀನೂ ಹಾಗೇ ಮಾಡಿದ್ದೆ ಅಲ್ವಾ? ಯಾಕೆ ಬಿಟ್ಟೆ ಅಂತ ಇಂಟರ್‌ವ್ಯೂನಲ್ಲಿ ಕೇಳಿದರೆ ಏನು ಹೇಳಬೇಕಪ್ಪಾ?"

ಇದ್ದದ್ದನ್ನು ಹೇಳಬೇಕು, ಬೇಗ ಮುಗಿಸಬೇಕು. ನಾನು ಮೆಕ್ಯಾನಿಕಲ್ ಎರಡು ವರ್ಷ ಓದಿದವನು. ಎಂ-3 ಗಣಿತ ಎಷ್ಟು ಸಲ ಬರೆದರೂ ಪಾಸಾಗಲಿಲ್ಲ. ಇದನ್ನು ಹೇಳಲು ನಾಚಿಕೆಯಾಗಿ, ಮೊದಲ ಎರಡು ಇಂಟರ್‌ವ್ಯೂಗಳಲ್ಲಿ ಚಿಕ್ಕಂದಿನಿಂದಲೂ ನನಗೆ ವ್ಯವಹಾರದ ಹುಚ್ಚು ಅಂತ ದೊಡ್ಡ ಪುರಾಣ ಬಿಟ್ಟೆ. ಎದುರಿಗಿದ್ದವರು ಮೊಬೈಲ್ ನೋಡತೊಡಗಿದರು. ಅವರಿಗೆ ನನ್ನ ಎಂ-3 ಕಟ್ಟಿಕೊಂಡು ಏನಾಗಬೇಕು? ಇವನು ನಮ್ಮನ್ನೂ ಅರ್ಧಕ್ಕೆ ಬಿಟ್ಟು ಓಡುತ್ತಾನಾ ಅನ್ನೋದೇ ಅವರ ಅನುಮಾನ.

ಮೂರನೆಯದು ಪೀಣ್ಯದ ಒಂದು ಸಣ್ಣ ಕಾರ್ಖಾನೆ. ಅಕೌಂಟ್ಸ್ ಅಸಿಸ್ಟೆಂಟ್ ಕೆಲಸ. "ಗಣಿತ ತಲೆಗೆ ಹತ್ತಲಿಲ್ಲ ಸರ್, ಬಿಟ್ಟೆ. ಬಿಕಾಂನಲ್ಲಿ ಒಂದೂ ಬ್ಯಾಕ್ ಇಲ್ಲ. ಒಂದು ವರ್ಷ ಆಡಿಟರ್ ಆಫೀಸಿನಲ್ಲಿ ಟ್ಯಾಲಿ ಎಂಟ್ರಿ ಮಾಡಿದ್ದೇನೆ" ಅಂದೆ. ಸಾಹೇಬರ ಮಾತು ಅಲ್ಲಿಂದ ನೇರ ಆಡಿಟರ್ ಆಫೀಸಿನ ಕೆಲಸಕ್ಕೆ ಹೊರಳಿತು.

ಅಲ್ಲಿ ನನಗೆ ಕೊಡುತ್ತಿದ್ದದ್ದು ಬಸ್ ಚಾರ್ಜಿಗೆ ಸರಿಹೋಗುತ್ತಿತ್ತು, ಅಷ್ಟೇ. ಆದರೆ ಪ್ರತಿ ತಿಂಗಳು ಖರೀದಿ ಬಿಲ್ಲುಗಳನ್ನು ಜಿಎಸ್‌ಟಿಆರ್-2ಬಿ ಜೊತೆ, ಅಂದರೆ ಮಾಲು ಮಾರಿದವರು ಹಾಕಿದ ರಿಟರ್ನ್‌ಗಳಿಂದ ಜಿಎಸ್‌ಟಿ ಪೋರ್ಟಲ್ ತಯಾರಿಸುವ ಪಟ್ಟಿಯ ಜೊತೆ, ತಾಳೆ ನೋಡುತ್ತಿದ್ದೆ. ನಮ್ಮ ಪುಸ್ತಕದಲ್ಲಿರುವ ಬಿಲ್ಲು ಅದರಲ್ಲಿ ಇಲ್ಲದಿದ್ದರೆ ಕ್ರೆಡಿಟ್ ಸಿಗಲ್ಲ, ಅಂದರೆ ಖರೀದಿಯಲ್ಲಿ ಕಟ್ಟಿದ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳೋಕಾಗಲ್ಲ. ಮಾಲು ಕೊಟ್ಟವನಿಗೆ ಫೋನ್ ಮಾಡಿ, ರಿಟರ್ನ್‌ನಲ್ಲಿ ಹಾಕು ಮಾರಾಯ ಅಂತ ಗೋಗರೆಯಬೇಕು. ಸಾಹೇಬರು ಕೇಳಿದ್ದು ಇದನ್ನೇ. ಆಮೇಲೆ ಬ್ಯಾಂಕ್ ಸ್ಟೇಟ್‌ಮೆಂಟ್ ಕೊಟ್ಟು ತಾಳೆ ಮಾಡು ಅಂದರು.

ಕೆಲಸ ಗಟ್ಟಿಯಾಗಿದ್ದು ಮಾತ್ರ ಒಂದು ಡೆಲಿವರಿ ಚಲನ್‌ನಿಂದ. ಬಿಡಿಭಾಗಗಳನ್ನು ಗ್ರೈಂಡಿಂಗ್‌ಗೆ ಹೊರಗೆ ಕಳಿಸಿದ್ದ ಚಲನ್ ಅದು. ಹೀಗೆ ಜಾಬ್ ವರ್ಕ್‌ಗೆ ಹೋದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು, ಇಲ್ಲದಿದ್ದರೆ ಕಳಿಸಿದ ದಿನವೇ ಮಾರಿದ ಲೆಕ್ಕ, ತೆರಿಗೆ ಕಟ್ಟಬೇಕು. ನಿಯಮ ಬಿಕಾಂನವರಿಗೆ ಗೊತ್ತಿರುತ್ತೆ. ಆದರೆ ಲೇತ್ ಮೇಲೆ ಆದ ಶಾಫ್ಟನ್ನು ಮತ್ತೆ ಗ್ರೈಂಡಿಂಗ್‌ಗೆ ಯಾಕೆ ಕಳಿಸುತ್ತಾರೆ ಅನ್ನೋದು ನನಗೂ ಗೊತ್ತಿತ್ತು. ವ್ಯರ್ಥ ಅಂದುಕೊಂಡಿದ್ದ ಎರಡು ವರ್ಷಕ್ಕೆ ಅವತ್ತು ಬೆಲೆ ಬಂತು.

ಹಾಗಾಗಿ ಬಿಎಸ್ಸಿ ಅಗ್ರಿ ಬಿಟ್ಟವರು ಗೊಬ್ಬರ, ಬೀಜದ ಕಂಪನಿಗಳನ್ನು ನೋಡಿ. ಫಾರ್ಮಸಿ ಬಿಟ್ಟವರು ಔಷಧಿ ಡಿಸ್ಟ್ರಿಬ್ಯೂಟರ್‌ಗಳನ್ನು. ಸುಮ್ನೆ ಬಿಸಿನೆಸ್ ಅನಲಿಸ್ಟ್ ಅಂತ ಕಂಡಕಂಡಲ್ಲಿ ಅರ್ಜಿ ಹಾಕಬೇಡಿ. ಬಿಟ್ಟ ವರ್ಷಗಳನ್ನು ರೆಸ್ಯೂಮೆಯಲ್ಲಿ ಒಂದು ಸಾಲಲ್ಲಿ ಹಾಕಿ. ಮುಚ್ಚಿಟ್ಟರೆ ಖಾಲಿ ಜಾಗ ಕಾಣುತ್ತೆ, ಅದು ಇನ್ನೂ ಜಾಸ್ತಿ ಪ್ರಶ್ನೆ ಎಬ್ಬಿಸುತ್ತೆ. ಹಳೇ ಕಾಲೇಜಿನಿಂದ ಪಿಯುಸಿ ಅಂಕಪಟ್ಟಿ ಇನ್ನೂ ವಾಪಸ್ ತಂದಿಲ್ಲದಿದ್ದರೆ ಮೊದಲು ಅದನ್ನು ತನ್ನಿ. ನನ್ನದಕ್ಕೆ ಅಪ್ಪ ನಾಲ್ಕು ಸಲ ಅಲೆದಿದ್ದರು.

ಇನ್ನೂ ಏನಾದರೂ ಕೇಳೋದಿದ್ದರೆ ಫೋನ್ ಮಾಡಿ. 11 ಮತ್ತು 20ನೇ ತಾರೀಖು ಬೇಡ, ಅವತ್ತು ಜಿಎಸ್‌ಟಿ ರಿಟರ್ನ್ ಹಾಕೋ ಗಡುವು.