ಶಾರ್ಕ್ ರಿಪೇರಿಯಲ್ಲಿದೆ

ಮಗಳ ಮನೆ ಬಾಸ್ಟನ್ ಹತ್ತಿರ. ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ, "ಅಪ್ಪಾ, ನಯಾಗರಾ ನೋಡ್ತೀಯಾ, ನ್ಯೂಯಾರ್ಕ್ ನೋಡ್ತೀಯಾ?" ಎಂದು ಕೇಳಿದಳು. ನಾನು ಮಾರ್ಥಾಸ್ ವಿನ್‌ಯಾರ್ಡ್ ಎಂದೆ. ಅವಳು ನಕ್ಕಳು. ಅದು ದುಡ್ಡಿದ್ದವರು ರಜೆ ಕಳೆಯುವ ದ್ವೀಪ. ಪೀಣ್ಯದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಮೇಂಟೆನೆನ್ಸ್ ನೋಡಿಕೊಂಡವನಿಗೆ ಅಲ್ಲೇನು ಕೆಲಸ?

ಕೆಲಸ ಇತ್ತು. ಮನುಷ್ಯರನ್ನು ತಿನ್ನುವ ಶಾರ್ಕಿನ ಕಥೆ 'ಜಾಸ್', ಆ ಸಿನಿಮಾ ತೆಗೆದದ್ದು ಅಲ್ಲೇ.

ಪುಸ್ತಕವನ್ನು ನಾನು ಅವೆನ್ಯೂ ರಸ್ತೆಯಲ್ಲಿ ಕೊಂಡಿದ್ದೆ. ಹಳೇ ಪ್ರತಿ, ರಟ್ಟು ಕಿತ್ತುಹೋಗಿತ್ತು. ಬಿಟಿಎಸ್ ಬಸ್ಸಿನಲ್ಲಿ ಓದುತ್ತಾ ಒಂದೆರಡು ಸಲ ಸ್ಟಾಪು ದಾಟಿಸಿಕೊಂಡು ಹೋಗಿದ್ದೂ ಉಂಟು. ಪೀಟರ್ ಬೆಂಚ್ಲಿ ಬರೆದ ಆ ಕಾದಂಬರಿ 1974ರ ಫೆಬ್ರುವರಿಯಲ್ಲಿ ಬಂತು. ಅದು ಅಂಗಡಿಗೆ ಬರುವ ಮೊದಲೇ ಸಿನಿಮಾದ ಹಕ್ಕು ಮಾರಾಟವಾಗಿತ್ತು. ಮೇ ತಿಂಗಳಿಗೆ ಶೂಟಿಂಗ್ ಶುರು. ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್‌ಗೆ ಆಗ 27 ವರ್ಷ. ಪುಸ್ತಕದಲ್ಲಿ ಪೊಲೀಸ್ ಅಧಿಕಾರಿಯ ಹೆಂಡತಿಗೂ ಮೀನಿನ ವಿಜ್ಞಾನಿಗೂ ಒಂದು ಕದ್ದ ಸಂಬಂಧವಿದೆ. ಸಿನಿಮಾದಲ್ಲಿ ಅದನ್ನು ಕತ್ತರಿಸಿ ಎಸೆದರು. ಒಳ್ಳೆಯದೇ ಆಯ್ತು. ಶಾರ್ಕ್ ಯಾವಾಗ ಬರುತ್ತೆ ಅಂತ ಕಾಯುವವನಿಗೆ ಆ ಸಂಸಾರದ ಗೋಳು ಯಾಕೆ?

ವುಡ್ಸ್ ಹೋಲ್‌ನಲ್ಲಿ ದೊಡ್ಡ ಫೆರ್ರಿ ಹತ್ತಿದೆವು. ಮುಕ್ಕಾಲು ಗಂಟೆಯ ದಾರಿ. ಮಗಳು, ಅಳಿಯ, ಹನ್ನೊಂದು ವರ್ಷದ ಮೊಮ್ಮಗ ಮೇಲಿನ ಡೆಕ್ಕಿನಲ್ಲಿ ಗಾಳಿಗೆ ನಿಂತರು. ನಾನು ಇಂಜಿನ್ನಿನ ಸದ್ದು ಕೇಳುವ ಕಡೆ ಕೂತೆ. ಅಭ್ಯಾಸ.

ಓಕ್ ಬ್ಲಫ್ಸ್‌ನಲ್ಲಿ ಇಳಿದು ಬಸ್ಸು ಹಿಡಿದರೆ ಎಡ್ಗರ್‌ಟೌನ್‌ಗೆ ಹೋಗುವ ರಸ್ತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹಿನ್ನೀರಿನಂಥ ಕೊಳ. ನಡುವೆ ಚಿಕ್ಕ ಸೇತುವೆ. ಸಿನಿಮಾದಲ್ಲಿ ಶಾರ್ಕ್ ಇದರ ಕೆಳಗಿನಿಂದಲೇ ಕೊಳಕ್ಕೆ ನುಗ್ಗುತ್ತದೆ. ಈಗ ಎಲ್ಲರೂ ಅದನ್ನು ಜಾಸ್ ಸೇತುವೆ ಎಂದೇ ಕರೆಯುತ್ತಾರೆ. ಹಾರಬಾರದು ಎಂದು ಬೋರ್ಡು ಹಾಕಿದ್ದಾರೆ. ಅದರ ಪಕ್ಕದಲ್ಲೇ ಸಾಲಾಗಿ ನಿಂತು ಹುಡುಗರು ಹಾರುತ್ತಿದ್ದರು. ಮೊಮ್ಮಗ ಅಮ್ಮನ ಮುಖ ನೋಡಿದ. ಅವಳು ಬೋರ್ಡಿನ ಕಡೆ ಬೆರಳು ತೋರಿಸಿದಳು. ಅಲ್ಲಿಗೆ ಮುಗೀತು.

"ತಾತ, ಶಾರ್ಕ್ ನಿಜದ್ದಾ?" ಎಂದು ಕೇಳಿದ. ನಾನು ಕಾಯುತ್ತಿದ್ದದ್ದೇ ಈ ಪ್ರಶ್ನೆಗೆ.

ಕಂಬಿಗೆ ಒರಗಿ ಹೇಳಲು ಶುರು ಮಾಡಿದೆ. ಶಾರ್ಕ್ ಅಲ್ಲಪ್ಪ, ಮೆಷಿನ್ನು. ಸುಮಾರು 25 ಅಡಿ ಉದ್ದ. ಒಂದಲ್ಲ, ಮೂರು. ಒಂದನ್ನು ನೀರಲ್ಲಿ ಎಳೆದುಕೊಂಡು ಹೋಗಬಹುದು. ಉಳಿದೆರಡಕ್ಕೆ ಒಂದೊಂದೇ ಪಕ್ಕ. ಒಂದು ಎಡದಿಂದ ಬಲಕ್ಕೆ ಹೋಗುವಾಗ ಕ್ಯಾಮೆರಾಗೆ, ಇನ್ನೊಂದು ಬಲದಿಂದ ಎಡಕ್ಕೆ. ಕಾಣದ ಪಕ್ಕ ಪೂರ್ತಿ ತೆರೆದದ್ದು, ತುಂಬಾ ಹೋಸುಗಳು. ಬಾಯಿ ತೆರೆಯುವುದು, ಬಾಲ ಬಡಿಯುವುದು, ಎಲ್ಲಾ ಒತ್ತಡದ ಗಾಳಿಯಿಂದ. ಇದನ್ನು ಹೊರಲು ನೀರಿನ ತಳದಲ್ಲಿ 12 ಟನ್ನಿನ ಉಕ್ಕಿನ ಪ್ಲಾಟ್‌ಫಾರ್ಮ್. ಅದಕ್ಕೇ ಈ ದ್ವೀಪ. ಇಲ್ಲಿ ತೀರದಿಂದ ಬಹಳ ದೂರದವರೆಗೂ ಸಮುದ್ರ ಹೆಚ್ಚು ಆಳವಿಲ್ಲ, ತಳದಲ್ಲಿ ಮರಳು. ದಡ ಕಾಣದಷ್ಟು ದೂರ ಹೋದರೂ ಪ್ಲಾಟ್‌ಫಾರ್ಮ್ ಕೂರುತ್ತದೆ.

ಮಾಡಿದವರ ಮುಖ್ಯಸ್ಥ ಬಾಬ್ ಮ್ಯಾಟಿ. ಡಿಸ್ನಿ ಸಿನಿಮಾವೊಂದಕ್ಕೆ ಹಿಂದೆ ದೈತ್ಯ ಸ್ಕ್ವಿಡ್ ಮಾಡಿದ್ದವರು, ನಿವೃತ್ತಿಯಿಂದ ವಾಪಸ್ ಕರೆಸಿಕೊಂಡಿದ್ದರು. ಆದರೆ ತಯಾರಿಗೆ ಸಮಯವಿರಲಿಲ್ಲ. ಸಮುದ್ರದ ನೀರಲ್ಲಿ ಪರೀಕ್ಷೆಯನ್ನೇ ಮಾಡದೆ ಇಲ್ಲಿಗೆ ಸಾಗಿಸಿದರು. ಮೊದಮೊದಲ ಪ್ರಯತ್ನದಲ್ಲೇ ಒಂದು ಶಾರ್ಕ್ ನೇರ ತಳಕ್ಕೆ ಹೋಯಿತು. ಉಪ್ಪುನೀರು ಭಾಗಗಳನ್ನು ತಿಂದುಹಾಕಿತು. ಮೈ ಹೊದಿಕೆ ನೀರು ಕುಡಿದು ಊದಿಕೊಂಡಿತು. ದಿನವಿಡೀ ವಾಕಿಟಾಕಿಯಲ್ಲಿ ಒಂದೇ ಮಾತು: ಶಾರ್ಕ್ ಕೆಲಸ ಮಾಡ್ತಿಲ್ಲ, ಶಾರ್ಕ್ ಕೆಲಸ ಮಾಡ್ತಿಲ್ಲ. ಅದಕ್ಕೆ ಬ್ರೂಸ್ ಎಂದು ಹೆಸರು. ಸ್ಪೀಲ್‌ಬರ್ಗ್ ಅವರ ವಕೀಲರ ಹೆಸರಂತೆ ಅದು. ಹೆಸರಿಟ್ಟವರಿಗೆ ಒಳ್ಳೇ ತಮಾಷೆ ಗೊತ್ತಿತ್ತು. 55 ದಿನದ ಶೂಟಿಂಗ್ 159 ದಿನವಾಯಿತು. 40 ಲಕ್ಷ ಡಾಲರಿನ ಸಿನಿಮಾಗೆ 90 ಲಕ್ಷ ಖರ್ಚು.

"ಅದಕ್ಕೇ ಶಾರ್ಕ್ ಸರಿಯಾಗಿ ಕಾಣೋದು ಒಂದು ಗಂಟೆ ದಾಟಿದ ಮೇಲೆ," ಎಂದೆ. "ಅಲ್ಲಿವರೆಗೂ ಕ್ಯಾಮೆರಾ ನೀರಿನ ಮಟ್ಟದಲ್ಲಿ, ಮತ್ತೆ ಜಾನ್ ವಿಲಿಯಮ್ಸ್ ಅವರ ಸಂಗೀತದ ಎರಡು ಸ್ವರ."

ಅಳಿಯ ಅಂದರು, "ಮಾವ, ಮೆಷಿನ್ ಕೆಟ್ಟಿದ್ದೇ ಒಳ್ಳೇದಾಯ್ತು ಬಿಡಿ."

ಎಲ್ಲರೂ ಹೇಳುವ ಮಾತೇ. ಸುಳ್ಳೂ ಅಲ್ಲ. ಆದರೆ ನನಗೆ ಒಳಗೆ ಚುರುಕ್ ಅನ್ನುತ್ತದೆ. ನಮ್ಮ ಕಾರ್ಖಾನೆಯಲ್ಲೊಮ್ಮೆ ಮಳೆಗಾಲದಲ್ಲಿ ಗಾಳಿಯಿಂದ ನಡೆಯುವ ಪ್ರೆಸ್ಸು ನಿಂತಿತು. ಕಂಪ್ರೆಸರ್ ಗಾಳಿಯಲ್ಲಿ ನೀರು ಸೇರಿಕೊಳ್ಳುತ್ತದೆ. ದಿನಾ ಬೆಳಿಗ್ಗೆ ಟ್ಯಾಂಕಿನ ಕೆಳಗಿರುವ ಡ್ರೈನ್ ಕಾಕ್ ತೆರೆದು ಆ ನೀರು ಬಿಡಬೇಕು. ಎರಡು ದಿನ ಯಾರೂ ಬಿಟ್ಟಿರಲಿಲ್ಲ. ಶಿಫ್ಟು ನಂದು, ತಪ್ಪೂ ನಂದೇ. ವಾಲ್ವುಗಳು ಹಿಡಿದುಕೊಂಡಿದ್ದವು. ಪ್ರೊಡಕ್ಷನ್ನಿನವರು ಹತ್ತು ನಿಮಿಷಕ್ಕೊಮ್ಮೆ ಬಂದು "ಎಷ್ಟೊತ್ತಿಗೆ ಓಡುತ್ತೆ?" ಎಂದು ಕೇಳುತ್ತಿದ್ದರು. ರಾತ್ರಿ ಎರಡು ಗಂಟೆಗೆ ನಾನೂ ಒಬ್ಬ ಫಿಟ್ಟರೂ ವಾಲ್ವ್ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ ಹಾಕಿದೆವು. ಬೆಳಿಗ್ಗೆ ಓಡಿತು. ಓಡಿದಾಗ ಯಾರೂ ಬರಲಿಲ್ಲ.

ಅಂಥದ್ದು ಇಲ್ಲಿ ಒಂದು ರಾತ್ರಿಯಲ್ಲ, ಐದು ತಿಂಗಳು. ಬೆಳಿಗ್ಗೆ ಮೆಷಿನ್ನನ್ನು ಸಮುದ್ರಕ್ಕೆ ಕೊಡಬೇಕು, ಸಂಜೆ ಉಪ್ಪು ತಿಂದ ಮೆಷಿನ್ ವಾಪಸ್ ಬರುತ್ತದೆ. ಶಾರ್ಕ್ ಕಾಣದ್ದರಿಂದ ಸಿನಿಮಾ ಗೆದ್ದಿತು, ಒಪ್ಪುತ್ತೇನೆ. ಆದರೆ ಕೊನೆಗೆ ಅದು ದೋಣಿಯ ಹಿಂಭಾಗಕ್ಕೆ ಎಗರಿ ನಟ ರಾಬರ್ಟ್ ಶಾ ಅವರನ್ನು ಎಳೆದುಕೊಳ್ಳುತ್ತದಲ್ಲ, ಆಗ ಅದು ಓಡಲೇಬೇಕಿತ್ತು. ಓಡಿತು. ಯಾರೋ ಎಲ್ಲಾ ಹೋಸು ಬಿಗಿ ಮಾಡಿದ್ದರು. ಸಿನಿಮಾಗೆ ಮೂರು ಆಸ್ಕರ್ ಬಂತು, ಸಂಕಲನಕ್ಕೆ, ಸಂಗೀತಕ್ಕೆ, ಧ್ವನಿಗೆ. ವರ್ನಾ ಫೀಲ್ಡ್ಸ್ ಅವರ ಸಂಕಲನಕ್ಕೆ ಎರಡು ಕೊಟ್ಟರೂ ನನ್ನ ತಕರಾರಿಲ್ಲ. ಹೋಸು ಬಿಗಿ ಮಾಡಿದವರಿಗೆ ಮಾತ್ರ ಏನೂ ಇಲ್ಲ.

ಇಷ್ಟು ಹೇಳುವ ಹೊತ್ತಿಗೆ ಮೊಮ್ಮಗ ಮರಳಿಗೆ ಇಳಿದು ಹೋಗಿದ್ದ. ಅಳಿಯ ಮಾತ್ರ ಮರ್ಯಾದೆಗೆ ಕೂತಿದ್ದರು ಪಾಪ.

ಮಧ್ಯಾಹ್ನ ಎಡ್ಗರ್‌ಟೌನ್ ಸುತ್ತಿದೆವು. ಬಿಳಿ ಮನೆಗಳು, ಐಸ್‌ಕ್ರೀಮ್, ಬೆಲೆ ಕೇಳಿದರೆ ತಲೆ ಸುತ್ತು. ವಾಪಸ್ ಬರುವಾಗ ಸೇತುವೆ ಹತ್ತಿರ ಮತ್ತೆ ಇಳಿದೆವು. ಮಗಳಿಗೆ ಫೋಟೋ ತೆಗೆ ಎಂದೆ. ಅವಳು ಸೇತುವೆ ಸೇರಿಸಿ ತೆಗೆಯಲು ಹೊರಟಳು. ಬೇಡ, ಸಮುದ್ರದ್ದು ತೆಗೆ ಎಂದೆ.

"ಅಲ್ಲೇನಿದೆ ಅಪ್ಪಾ? ಬರೀ ನೀರು."

"ಈ ನೀರಲ್ಲೇ ಎಲ್ಲೋ ಪ್ಲಾಟ್‌ಫಾರ್ಮ್ ಇತ್ತು ಕಣೇ."

ಬರೀ ನೀರಿನ ಆ ಫೋಟೋವನ್ನು ನಮ್ಮ ಹಳೇ ಮೇಂಟೆನೆನ್ಸ್ ವಾಟ್ಸಾಪ್ ಗುಂಪಿಗೆ ಹಾಕಿದೆ. ಕೆಳಗೆ ಕಥೆ ಬರೆದೆ: ಗಾಳಿ, ಹೋಸು, ಉಪ್ಪುನೀರು, 159 ದಿನ. ಬೆಂಗಳೂರಿನಲ್ಲಿ ಆಗ ನಡುರಾತ್ರಿ. ಫೆರ್ರಿ ಹತ್ತುವಷ್ಟರಲ್ಲಿ ಒಂದು ಉತ್ತರ ಬಂತು. ಅದೇ ಫಿಟ್ಟರ್, ಅವನಿಗೆ ಈಗಲೂ ನಿದ್ದೆ ಬರುವುದಿಲ್ಲ.

"ಸಾರ್, ದಿನಾ ಬೆಳಿಗ್ಗೆ ಡ್ರೈನ್ ಕಾಕ್ ತೆಗೀತಿದ್ರಾ ಇಲ್ವಾ, ಮೊದ್ಲು ಅದನ್ನ ಕೇಳಿ."