ಪಾರ್ಕಿಂಗ್ ಜಾಗದಲ್ಲಿ ಓದಿದ ಉಯಿಲು

ಬರ್ಲಿನ್‌ನಲ್ಲಿ ಆ ಜಾಗ ಸುಲಭಕ್ಕೆ ಕಣ್ಣಿಗೆ ಬೀಳಲ್ಲ. ಸುತ್ತ ಅಪಾರ್ಟ್‌ಮೆಂಟುಗಳು, ಮಧ್ಯೆ ಮಾಮೂಲಿ ಪಾರ್ಕಿಂಗ್, ಪಕ್ಕದಲ್ಲೊಂದು ಮಾಹಿತಿ ಫಲಕ. ಅದನ್ನು ಹಾಕಿದ್ದೂ 2006ರಲ್ಲಿ. ಹಿಟ್ಲರ್ ಸತ್ತ ಬಂಕರ್ ಇದ್ದದ್ದು ಇದರ ಕೆಳಗೆ. ಕೆಲಸದ ಮೇಲೆ ಹೋಗಿದ್ದ ನನಗೆ ಒಂದು ಭಾನುವಾರ ಬಿಡುವಿತ್ತು. ಅವನ ಉಯಿಲನ್ನು ಫೋನಿನಲ್ಲಿ ತೆಗೆದು ಅಲ್ಲೇ ನಿಂತು ಓದಿದೆ.

ಅದಕ್ಕೆ ಸಹಿ ಬಿದ್ದದ್ದು 1945ರ ಏಪ್ರಿಲ್ 29ರ ಬೆಳಗಿನ ಜಾವ ನಾಲ್ಕಕ್ಕೆ. ರಷ್ಯನ್ ಸೈನ್ಯ ಹತ್ತಿರಕ್ಕೇ ಬಂದಿತ್ತು. ಅದೇ ರಾತ್ರಿ ಅವನು ಎವಾ ಬ್ರೌನ್‌ಳನ್ನು ಮದುವೆಯಾಗಿದ್ದ. ಮರುದಿನ ಇಬ್ಬರೂ ಸತ್ತರು.

ಉಯಿಲು ಎರಡಿವೆ. ಖಾಸಗಿಯದು ಚಿಕ್ಕದು. ಸಂಗ್ರಹಿಸಿದ ಚಿತ್ರಗಳು ಲಿಂಟ್ಸ್ ಊರಿನ ಗ್ಯಾಲರಿಗೆ ಸೇರಲಿ, ಆಸ್ತಿ ನಾಜಿ ಪಕ್ಷಕ್ಕೆ ಹೋಗಲಿ ಅಂತ. ಇನ್ನೊಂದು ರಾಜಕೀಯದ್ದು. ತನ್ನ ಹಿರಿಯ ಸಹಚರರಾದ ಗೋರಿಂಗ್ ಮತ್ತು ಹಿಮ್ಲರ್‌ರನ್ನು ಪಕ್ಷದಿಂದ ಹೊರಹಾಕಿ, ನೌಕಾಪಡೆಯ ಮುಖ್ಯಸ್ಥ ಡೋನಿಟ್ಸ್‌ಗೆ ದೇಶದ ಅಧ್ಯಕ್ಷ ಪಟ್ಟ ಕಟ್ಟುತ್ತಾನೆ. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಅದರ ಮೊದಲ ಭಾಗ. 1939ರ ಯುದ್ಧ ನನಗೆ ಬೇಕಿರಲಿಲ್ಲ ಅನ್ನುತ್ತಾನೆ. ಎಲ್ಲ ತಪ್ಪನ್ನೂ ಯಹೂದಿಗಳ ತಲೆಗೆ ಕಟ್ಟುತ್ತಾನೆ. ಅವರಿಗೆ ಆದ ಶಿಕ್ಷೆ ‘ಹೆಚ್ಚು ಮಾನವೀಯ’ ವಿಧಾನದ್ದು ಅಂತಲೂ ಬರೆಸುತ್ತಾನೆ. ಸುಮಾರು 60 ಲಕ್ಷ ಜನರನ್ನು ಕೊಂದವನ ಮಾತು ಇದು. ಆ ಸಾಲು ಓದಿ ಕೈ ನಡುಗಿತು. ಫೋನ್ ಜೇಬಿಗೆ ಹಾಕಿಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ತೆಗೆದೆ.

ಅದನ್ನು ಬರೆದುಕೊಂಡ ಕಾರ್ಯದರ್ಶಿ ಟ್ರೌಡಲ್ ಯುಂಗೆಗೆ ಆಗ 25 ವರ್ಷ. ಇಷ್ಟೆಲ್ಲ ಯಾಕಾಯಿತು ಅನ್ನುವುದನ್ನು ಈಗಲಾದರೂ ಹೇಳುತ್ತಾನೆ ಅಂತ ಕಾದಿದ್ದಳಂತೆ. ಬಂದದ್ದು ಅದೇ ಹಳೇ ಮಾತು. ಮುಂದೆ ಅವಳೇ ಇದನ್ನು ಹೇಳಿಕೊಂಡಿದ್ದಾಳೆ.

ನನಗೆ ಅಜ್ಜನ ಉಯಿಲು ನೆನಪಾಯಿತು. ಇದ್ದದ್ದು ಎರಡು ಎಕರೆ ತೋಟ, ಒಂದು ಹೆಂಚಿನ ಮನೆ. ಛಾಪಾ ಕಾಗದದ ಕೊನೆಯಲ್ಲಿ, ಸಹಿಗೆ ಮುಂಚೆ, ‘ಚಿಕ್ಕ ಮಗಳನ್ನು ಓದಿಸದೆ ಅನ್ಯಾಯ ಮಾಡಿದೆ, ಅವಳು ಕ್ಷಮಿಸಬೇಕು’ ಅಂತ ಬರೆಸಿದ್ದರು. ತೋಟದಲ್ಲಿ ಅತ್ತೆಗೆ ಬಂದ ಪಾಲು ಜಾಸ್ತಿಯೇನೂ ಅಲ್ಲ. ಆದರೂ ಆ ಕಾಗದ ಹೊರಬಂದಾಗಲೆಲ್ಲ ಅವರು ಆ ಸಾಲಿನ ಮೇಲೆ ಬೆರಳಿಟ್ಟು ನಿಧಾನವಾಗಿ ಓದುತ್ತಿದ್ದರು. ಅಲ್ಲಿ ಮಸಿ ಮಾಸಿ ಹೋಗಿದೆ.

ಇಲ್ಲಿ ಅಂಥದ್ದೊಂದು ಸಾಲಿಗಾಗಿ ಕೊನೆಯವರೆಗೂ ಹುಡುಕಿದೆ. ಸಿಗಲಿಲ್ಲ. ಜನಾಂಗದ ಕಾನೂನುಗಳನ್ನು ಬಿಡದೆ ಪಾಲಿಸಿ, ಯಹೂದಿಗಳನ್ನು ದಯೆಯಿಲ್ಲದೆ ವಿರೋಧಿಸಿ ಅಂತ ಹೇಳಿ ಉಯಿಲು ಮುಗಿಯುತ್ತದೆ.

ಹತ್ತಿರದಲ್ಲೇ ಕೊಲೆಯಾದ ಯಹೂದಿಗಳ ಸ್ಮಾರಕವಿದೆ. 2,711 ಬೂದು ಕಾಂಕ್ರೀಟ್ ಕಂಬಗಳು. ಆ ಕಡೆ ಹೊರಟವನು ಬೀದಿಯ ಬೋರ್ಡ್ ನೋಡಿ ನಿಂತೆ. ಗೆರ್ಟ್ರೂಡ್ ಕೋಲ್ಮಾರ್ ಬೀದಿ. ಆಕೆ ಯಹೂದಿ ಕವಯಿತ್ರಿ. 1943ರಲ್ಲಿ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ಗೆ ಸಾಗಿಸಿ ಕೊಂದರು. ಅವನ ಬಂಕರ್ ಇದ್ದ ಜಾಗಕ್ಕೆ ಈಗ ಆಕೆಯ ಹೆಸರಿನ ವಿಳಾಸ. ಆ ಹೆಸರನ್ನು ಎರಡು ಸಲ ಬಾಯಿಬಿಟ್ಟು ಓದಿ, ಮುಂದೆ ನಡೆದೆ.