ಹಿತ್ತಲ ಶೆಡ್‌ಗೆ ಝೋನಿಂಗ್ ಅನುಮತಿ ಸಿಕ್ಕಿತು

18 ಏಪ್ರಿಲ್ 2024, ಗುರುವಾರ
ನ್ಯೂಜೆರ್ಸಿ

ಟೌನ್‌ಶಿಪ್ ಕಚೇರಿಯಿಂದ ಇವತ್ತು ಅನುಮತಿ ಪತ್ರ ಬಂತು. ಹತ್ತಡಿಗೆ ಹನ್ನೆರಡಡಿಯ ಮರದ ಶೆಡ್. ಹುಲ್ಲು ಕತ್ತರಿಸುವ ಯಂತ್ರ, ಹಿಮ ತೆಗೆಯುವ ಯಂತ್ರ, ಗುದ್ದಲಿ, ಗೊಬ್ಬರದ ಚೀಲ ಎಲ್ಲವೂ ಅಲ್ಲಿಗೆ ಹೋದರೆ ಗರಾಜಿನಲ್ಲಿ ಕಾರು ನಿಲ್ಲಿಸಬಹುದು.

ಶೆಡ್ ಮಾರುವವರು, ‘ಇನ್ನೂರು ಚದರಡಿಯೊಳಗೆ ಪರ್ಮಿಟ್ ಬೇಡ’ ಎಂದು ಹೇಳಿ ಕಳಿಸುತ್ತಾರೆ. ಅದು ಅರ್ಧ ಮಾತು. 200 ಚದರಡಿ ಮತ್ತು ಹತ್ತಡಿ ಎತ್ತರ ಮೀರದ, ನೀರು, ಗ್ಯಾಸ್, ಒಳಚರಂಡಿಯ ಸಂಪರ್ಕವಿಲ್ಲದ ತೋಟದ ಶೆಡ್‌ಗೆ ಈ ರಾಜ್ಯದಲ್ಲಿ ಕಟ್ಟಡ ಪರ್ಮಿಟ್ ಬೇಡ, ನಿಜ. ಝೋನಿಂಗ್, ಅಂದರೆ ಎಲ್ಲಿ ಏನು ಕಟ್ಟಬಹುದು ಎಂಬ ಊರಿನ ನಿಯಮ, ಬೇರೆಯೇ. ಶೆಡ್ ಗಟ್ಟಿಯಾಗಿದೆಯೇ ಎಂಬುದಕ್ಕಿಂತ ಎಲ್ಲಿ ನಿಲ್ಲುತ್ತದೆ ಎಂಬುದು ಟೌನ್‌ಶಿಪ್‌ನವರಿಗೆ ಮುಖ್ಯ, ಮತ್ತು ಅದರ ಅಳತೆಗಳು ಊರೂರಿಗೂ ಬದಲಾಗುತ್ತವೆ. ನಮ್ಮಲ್ಲಿ ಪಕ್ಕದ ಗಡಿಯಿಂದಲೂ ಹಿಂದಿನ ಗಡಿಯಿಂದಲೂ ಐದೈದು ಅಡಿ ಬಿಡಬೇಕು.

ಮನೆ ಕೊಂಡಾಗ ಕೊಟ್ಟಿದ್ದ ಸರ್ವೆ ನಕ್ಷೆಯನ್ನು ಊಟದ ಮೇಜಿನ ಮೇಲೆ ಹರಡಿಕೊಂಡು, ಸ್ಕೇಲ್ ಹಿಡಿದು ಶೆಡ್‌ನ ಚೌಕ ಗುರುತಿಸಿದೆ. ಇವರಿಗೆ ಹಿಂದಿನ ಎಡಮೂಲೆಯ ಮೇಲೆ ಕಣ್ಣಿತ್ತು. ಅಡುಗೆಮನೆ ಕಿಟಕಿಗೆ ಕಾಣುವುದಿಲ್ಲ ಎಂದು. ಆದರೆ ನಕ್ಷೆಯಲ್ಲಿ ಆ ಮೂಲೆಯನ್ನು ಕತ್ತರಿಸಿಕೊಂಡು ಒಂದು ತುಂಡುಗೆರೆ ಹೋಗುತ್ತದೆ. ಅದು ಮಳೆನೀರಿನ ಹಾದಿಗೆ ಬಿಟ್ಟ ಈಸ್‌ಮೆಂಟ್. ಜಾಗ ನಮ್ಮದೇ, ತೆರಿಗೆಯೂ ನಮ್ಮದೇ, ಆದರೆ ಅಲ್ಲಿ ಏನನ್ನೂ ಕಟ್ಟುವಂತಿಲ್ಲ. ನೆಲದಲ್ಲಿ ನೋಡಿದರೆ ಹುಲ್ಲಿನ ನಡುವೆ ಅಂಗೈಯಷ್ಟು ತಗ್ಗು, ಅಷ್ಟೇ. ಮಳೆ ಸುರಿದ ದಿನ ಮಾತ್ರ ಮೇಲಿನ ಮೂರು ಮನೆಗಳ ನೀರು ಅದರೊಳಗೆ ಸೇರಿ ಹರಿಯುತ್ತದೆ.

2021ರ ಸೆಪ್ಟೆಂಬರ್ 1ರ ರಾತ್ರಿ ಇಡಾ ಚಂಡಮಾರುತದ ಉಳಿಕೆ ಮಳೆ ಈ ರಾಜ್ಯವನ್ನು ಮುಳುಗಿಸಿದಾಗ, ಕೆಳಗಿನ ಮನೆಯ ಅಜ್ಜನ ಬೇಸ್‌ಮೆಂಟಿನಲ್ಲಿ ಮೆಟ್ಟಿಲಿನವರೆಗೆ ನೀರು ನಿಂತಿತ್ತು. ಆ ತಗ್ಗಿಗೆ ಅಡ್ಡಲಾಗಿ ಶೆಡ್ ಕೂರಿಸಿದ್ದರೆ ಇನ್ನೊಂದು ಮಳೆಗೆ ನೀರು ಮತ್ತೆ ಅವರ ಮನೆಗೇ ತಿರುಗುತ್ತಿತ್ತು. ಅದಕ್ಕೇ ನಾನು ಬಲಭಾಗಕ್ಕೆ ಹಟ ಹಿಡಿದೆ. ಇವರು ನಕ್ಷೆಯನ್ನು ಮತ್ತೊಮ್ಮೆ ನೋಡಿ ಒಪ್ಪಿದರು.

ಬೆಂಗಳೂರಿನಿಂದ ಅಣ್ಣ ಫೋನಿನಲ್ಲಿ, “ನಿನ್ನದೇ ಜಾಗದಲ್ಲಿ ನಾಲ್ಕು ಹಲಗೆ ನಿಲ್ಲಿಸುವುದಕ್ಕೂ ಊರನ್ನು ಕೇಳಬೇಕೇನೇ?” ಎಂದ. “ಕೇಳಲೇಬೇಕು ಅಣ್ಣಾ. 2022ರ ಸೆಪ್ಟೆಂಬರಿನಲ್ಲಿ ನಿಮ್ಮ ಮಹದೇವಪುರದ ಕಡೆ ನೆರೆ ಬಂದು ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರಲ್ಲ, ರಾಜಕಾಲುವೆಗೆ ಜಾಗ ಬಿಟ್ಟಿದ್ದರೆ ಅಷ್ಟು ಆಗುತ್ತಿತ್ತೇ?” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದೂ ಸರಿ” ಎಂದ.

ಅರ್ಜಿ ಪೂರ್ತಿಯಾಗಿದ್ದರೆ ಅಧಿಕಾರಿ ಹತ್ತು ಕೆಲಸದ ದಿನಗಳೊಳಗೆ ಹೌದು ಅಥವಾ ಇಲ್ಲ ಎನ್ನಬೇಕು. ಏನೂ ಹೇಳದಿದ್ದರೆ ಅನುಮತಿ ಸಿಕ್ಕಂತೆಯೇ ಎಂದು ರಾಜ್ಯದ ಕಾನೂನು ಹೇಳುತ್ತದೆ. ಜನರ ಪರವಾದ ಕಲಮು ಇದು, ನನಗೆ ಬಹಳ ಇಷ್ಟವಾಯಿತು. ನಿಯಮದ ಅಳತೆಗೆ ಕೂಡದಿದ್ದರೆ ಮಾತ್ರ ವೇರಿಯನ್ಸ್‌ನ, ಅಂದರೆ ನಿಯಮದಿಂದ ವಿನಾಯಿತಿ ಕೇಳುವ, ದೊಡ್ಡ ದಾರಿ: 200 ಅಡಿಯೊಳಗಿನ ಆಸ್ತಿದಾರರಿಗೆಲ್ಲ ಹತ್ತು ದಿನ ಮುಂಚೆ ನೋಟಿಸು, ಸಾರ್ವಜನಿಕ ಪ್ರಕಟಣೆ, ಮಂಡಳಿಯ ಮುಂದೆ ಬಹಿರಂಗ ವಿಚಾರಣೆ. ಒಂದೆರಡು ಅಡಿ ಸರಿಸಿ ಅದನ್ನು ತಪ್ಪಿಸಿಕೊಳ್ಳಬಹುದಾದರೆ ಸರಿಸುವುದೇ ಜಾಣತನ.

ಜಲ್ಲಿ ಹಾಸಲು ನೆಲ ಅಗೆಯಬೇಕು, ಹಾಗಾಗಿ ನಾಳೆ 811ಕ್ಕೆ, ಅಂದರೆ ಅಗೆಯುವ ಮುನ್ನ ನೆಲದಡಿಯ ಕೊಳವೆ, ತಂತಿ ಗುರುತಿಸಲು ತಿಳಿಸುವ ಫೋನ್ ಸಂಖ್ಯೆಗೆ, ಕರೆ. ಇಲ್ಲಿ ಮೂರು ಕೆಲಸದ ದಿನ ಮುಂಚೆ ತಿಳಿಸುವುದು ಕಡ್ಡಾಯ. ಅವರು ಬಂದು ಗ್ಯಾಸಿಗೆ ಹಳದಿ, ವಿದ್ಯುತ್ತಿಗೆ ಕೆಂಪು ಗುರುತು ಹಾಕಿ ಹೋಗುತ್ತಾರೆ. ಸಂಜೆ ಅಜ್ಜನಿಗೆ ನಕ್ಷೆ ತೋರಿಸಿದೆ. ಶೆಡ್‌ನ ಚಾವಣಿಯ ನೀರು ನಮ್ಮ ಟೊಮೇಟೊ ಪಾತಿಯ ಕಡೆಗೇ ಇಳಿಯಲಿ ಎಂದರು. ಹಾಗೆಯೇ ಮಾಡಿಸುತ್ತೇನೆ.